ಸೂಟ್‌ಕೇಸ್‌ನೊಳಗಿನ ರೇಡಿಯೋ: ನೂರ್ ಇನಾಯತ್ ಖಾನ್ ಪ್ಯಾರಿಸ್‌ನಲ್ಲಿ ಮಾಡಿದ ಕೆಲಸ

"ಬುದ್ಧಿಯ ಭಾರ ಅಷ್ಟೇನೂ ಇಲ್ಲ. ಆದರೆ ಕಷ್ಟಪಟ್ಟು ಕಲಿತಿದ್ದಾಳೆ." 1943ರಲ್ಲಿ ಇಂಗ್ಲೆಂಡಿನ ಗುಪ್ತ ತರಬೇತಿ ಶಾಲೆಯೊಂದರಿಂದ ಲಂಡನ್‌ಗೆ ಹೋದ ವರದಿಯಲ್ಲಿ ಒಬ್ಬ ಯುವತಿಯ ಬಗ್ಗೆ ಹೀಗೆ ಬರೆದಿತ್ತು. ಮನಸ್ಸು ಸ್ಥಿರವಾಗಿಲ್ಲ, ಶತ್ರುವಿನ ನೆಲದಲ್ಲಿ ಕೆಲಸ ಮಾಡಲು ಈಕೆ ತಕ್ಕವಳೇ ಎನ್ನುವುದು ತೀರಾ ಅನುಮಾನ ಎಂದೂ ಅದರಲ್ಲಿತ್ತು. ಬ್ರಿಟನ್ನಿನ ಗುಪ್ತ ಸಂಸ್ಥೆಯೊಂದರ ಫ್ರೆಂಚ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಅದನ್ನು ಓದಿ, ಇದೆಲ್ಲ ಅರ್ಥವಿಲ್ಲದ ಮಾತು ಎಂದು ಅಂಚಿನಲ್ಲಿ ಬರೆದರು. ಆ ಯುವತಿಯನ್ನು ಪ್ಯಾರಿಸ್‌ಗೆ ಕಳಿಸಿಯೇಬಿಟ್ಟರು.

ಆಕೆ ನೂರ್ ಇನಾಯತ್ ಖಾನ್. 1943ರ ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಸುಮಾರು ನಾಲ್ಕು ತಿಂಗಳು, ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್‌ನಿಂದ ಲಂಡನ್‌ಗೆ ಕದ್ದು ರೇಡಿಯೋ ಸಂದೇಶ ಕಳಿಸಿದವರು. ಅವರ ಕಥೆ ಹೇಳುವವರು ಸಾಮಾನ್ಯವಾಗಿ ಟಿಪ್ಪು ಸುಲ್ತಾನನ ವಂಶ ಎಂದು ಶುರುಮಾಡಿ, ಸೂಫಿ ಮನೆತನ, ಸಂಗೀತ ಎಂದು ಹೇಳಿ, ನೇರವಾಗಿ ಸೆರೆಮನೆಗೆ ಹೋಗಿಬಿಡುತ್ತಾರೆ. ನಡುವಿನ ನಾಲ್ಕು ತಿಂಗಳು ಜಾರಿಹೋಗುತ್ತದೆ. ನನ್ನ ಮಟ್ಟಿಗೆ ಅವರ ಧೈರ್ಯ ಇರುವುದು ಆ ನಾಲ್ಕು ತಿಂಗಳ ದಿನನಿತ್ಯದ ಕೆಲಸದಲ್ಲಿ. ಆ ಕೆಲಸ ಏನು, ಅದು ಯಾಕೆ ಅಷ್ಟು ಅಪಾಯದ್ದು ಅಂತ ಗೊತ್ತಾಗದೆ ಧೈರ್ಯದ ಅಳತೆಯೂ ಗೊತ್ತಾಗುವುದಿಲ್ಲ.

ಮೊದಲು ಮನೆತನದ ಮಾತು. ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಇನಾಯತ್ ಖಾನ್ ಬರೋಡಾದವರು, ವೀಣೆ ನುಡಿಸುವವರು, ಯುರೋಪ್ ಅಮೆರಿಕಗಳಿಗೆ ಸೂಫಿ ತತ್ವವನ್ನು ಕೊಂಡೊಯ್ದವರು. ತಾಯಿ ಓರಾ ರೇ ಬೇಕರ್, ಅಮೆರಿಕದವರು. ಇನಾಯತ್ ಅವರ ತಾಯಿಯ ತಂದೆ ಮೌಲಾ ಬಕ್ಷ್ ದೊಡ್ಡ ಸಂಗೀತಗಾರರು, ಮೈಸೂರಿಗೆ ಬಂದು ಅರಮನೆಯಲ್ಲಿ ಗೌರವ ಪಡೆದವರು. ಅವರು ಮದುವೆಯಾದ ಕಾಸಿಂ ಬೀ ಟಿಪ್ಪುವಿನ ಮೊಮ್ಮಗಳು ಎಂದು ಮನೆಯವರು ಹೇಳುತ್ತಾ ಬಂದಿದ್ದಾರೆ. ಅಂದರೆ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ಎದುರು ಹೋರಾಡುತ್ತಾ ಸತ್ತ ದೊರೆಯ ವಂಶದ ಹೆಣ್ಣುಮಗಳು, ಅದೇ ಬ್ರಿಟಿಷರ ಪರವಾಗಿ ಪ್ರಾಣ ಒತ್ತೆಯಿಟ್ಟರು.

ಇದು ಅವರಿಗೆ ಗೊತ್ತಿಲ್ಲದೆ ಆದದ್ದಲ್ಲ. ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗದಲ್ಲಿದ್ದಾಗ, ಬಡ್ತಿಯ ಸಂದರ್ಶನದಲ್ಲಿ ಭಾರತದ ಮಾತು ಬಂತು. ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯಕ್ಕೆ ಹೋರಾಡುವವರ ಪರ ನಿಲ್ಲುತ್ತೇನೆ ಎಂದು ಅವರು ಅಧಿಕಾರಿಗಳ ಮುಂದೆಯೇ ಹೇಳಿದರು. ಸುಮ್ನೆ ಇರಬಹುದಿತ್ತು, ಇರಲಿಲ್ಲ.

ಅವರು ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೆನ್‌ನಲ್ಲಿ, ಫಜಲ್ ಮಂಜಿಲ್ ಎಂಬ ಮನೆಯಲ್ಲಿ. ತಂದೆ 1927ರಲ್ಲಿ ದೆಹಲಿಯಲ್ಲಿ ತೀರಿಕೊಂಡಾಗ ನೂರ್‌ಗೆ 13 ವರ್ಷ. ತಾಯಿ ದುಃಖದಲ್ಲಿ ಒಳಗೇ ಉಳಿದರು. ಮೂವರು ಪುಟ್ಟ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ದೊಡ್ಡ ಮಗಳ ಮೇಲೆ ಬಿತ್ತು. ಮುಂದೆ ಸೋರ್ಬೋನ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದರು, ಹಾರ್ಪ್ ಕಲಿತರು, ಮಕ್ಕಳಿಗೆ ಕಥೆ ಬರೆದರು. ಬುದ್ಧನ ಜಾತಕ ಕಥೆಗಳಲ್ಲಿ 20 ಆರಿಸಿ ಅವರು ಬರೆದ ಪುಸ್ತಕ 1939ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಮರುವರ್ಷ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ನೂರ್, ತಾಯಿ, ಒಬ್ಬ ತಮ್ಮ, ತಂಗಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದರು.

ಅಹಿಂಸೆಯನ್ನು ನಂಬಿದ ಮನೆ ಅದು. ನೂರ್ ಮತ್ತು ತಮ್ಮ ವಿಲಾಯತ್ ಕೂತು ಮಾತಾಡಿದರು. ನಾಜಿಗಳು ಜನರನ್ನು ಕೊಲ್ಲುತ್ತಿರುವಾಗ ಕೈಕಟ್ಟಿ ನಿಂತರೆ ಆ ಪಾಪದಲ್ಲಿ ನಮಗೂ ಪಾಲಿರುತ್ತದೆ ಅನ್ನಿಸಿತು. ಕೊಲ್ಲುವ ಕೆಲಸ ಬೇಡ, ಆದರೆ ಇರುವುದರಲ್ಲಿ ಅತಿ ಅಪಾಯದ ಕೆಲಸವನ್ನೇ ಮಾಡೋಣ ಎಂದು ಇಬ್ಬರೂ ತೀರ್ಮಾನಿಸಿದರು. ಅಕ್ಕ ವಾಯುಪಡೆ ಸೇರಿ ರೇಡಿಯೋ ಕಲಿತರು. ತಮ್ಮ ನೌಕಾಪಡೆ ಸೇರಿದರು.

ಹೆಂಗಸರೇ ಯಾಕೆ?

1940ರ ಜುಲೈನಲ್ಲಿ ಬ್ರಿಟನ್ ಒಂದು ಗುಪ್ತ ಸಂಸ್ಥೆ ಕಟ್ಟಿತು. ಹೆಸರು ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್, ಚಿಕ್ಕದಾಗಿ ಎಸ್‌ಒಇ. ಜರ್ಮನ್ನರು ಹಿಡಿದಿದ್ದ ದೇಶಗಳೊಳಗೆ ಜನರನ್ನು ಇಳಿಸಿ, ಅಲ್ಲಿನವರಿಗೆ ಆಯುಧ ತಲುಪಿಸಿ, ರೈಲು, ಸೇತುವೆ, ಕಾರ್ಖಾನೆಗಳನ್ನು ಕೆಡಿಸುವುದು ಅದರ ಕೆಲಸ. ಪ್ರತಿ ತಂಡದಲ್ಲೂ ಸಾಮಾನ್ಯವಾಗಿ ಮೂವರು. ಒಬ್ಬ ಸಂಘಟಕ, ಸುದ್ದಿ ಹೊತ್ತು ಓಡಾಡುವ ಒಬ್ಬರು, ಲಂಡನ್ ಜೊತೆ ಮಾತಾಡಲು ಒಬ್ಬ ರೇಡಿಯೋ ಆಪರೇಟರ್.

ಈ ಕೆಲಸಕ್ಕೆ ಹೆಂಗಸರನ್ನು ಆರಿಸಿದ್ದಕ್ಕೆ ಕಾರಣ ಸರಳ. 1943ರ ಫೆಬ್ರವರಿಯಿಂದ ಫ್ರಾನ್ಸ್‌ನ ಯುವಕರನ್ನು ಕಡ್ಡಾಯ ದುಡಿಮೆಗೆ ಜರ್ಮನಿಗೆ ಒಯ್ಯುತ್ತಿದ್ದರು. ಹಗಲು ಹೊತ್ತು ಬೀದಿಯಲ್ಲಿ ಕಂಡ ಗಟ್ಟಿಮುಟ್ಟಾದ ಗಂಡಸನ್ನು ನಿಲ್ಲಿಸಿ ಕಾಗದಪತ್ರ ಕೇಳುವುದು ಮಾಮೂಲಿ. ಸೈಕಲ್ ಮೇಲೆ ಚೀಲ ಇಟ್ಟುಕೊಂಡು ಹೋಗುವ ಹೆಂಗಸಿಗೆ ಹಳ್ಳಿಗೆ ದಿನಸಿ ತರಲು ಹೊರಟೆ ಎಂಬ ನೆಪ ಸಾಕು. ಎಸ್‌ಒಇಯ ಫ್ರೆಂಚ್ ವಿಭಾಗ ಹೀಗೆ 39 ಮಹಿಳೆಯರನ್ನು ಕಳಿಸಿತು. 13 ಮಂದಿ ಮರಳಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಸೈನಿಕ ಸೆರೆಸಿಕ್ಕರೆ ಯುದ್ಧಕೈದಿ, ಅವನಿಗೆ ಕಾನೂನಿನ ರಕ್ಷಣೆ ಇದೆ. ಸಮವಸ್ತ್ರವಿಲ್ಲದೆ ಸಿಕ್ಕವರಿಗೆ ಅದು ಸಿಗುವುದಿಲ್ಲ. ಚಿತ್ರಹಿಂಸೆ, ಗುಂಡು, ಏನು ಬೇಕಾದರೂ ಆಗಬಹುದು. ನೂರ್ ಅವರನ್ನು ಸಂದರ್ಶಿಸಿದ ಸೆಲ್ವಿನ್ ಜೆಪ್ಸನ್ ಇದನ್ನು ಮುಚ್ಚಿಡದೆ ಹೇಳಿದರು. ನೂರ್ ಅಲ್ಲೇ ಒಪ್ಪಿಕೊಂಡರು.

ಆ ಹೊತ್ತಿನವರೆಗೆ ಇಂಗ್ಲೆಂಡಿನಿಂದ ಫ್ರಾನ್ಸ್‌ಗೆ ಹೋದ ಮಹಿಳೆಯರು ಮುಖ್ಯವಾಗಿ ಸುದ್ದಿ ಒಯ್ಯುವ ಕೆಲಸದವರು. ರೇಡಿಯೋ ಆಪರೇಟರ್ ಆಗಿ ಹೋದ ಮೊದಲ ಮಹಿಳೆ ನೂರ್.

ಗಾಳಿಯಲ್ಲಿ ಸಿಕ್ಕಿಬೀಳುವ ಕೆಲಸ

ರೇಡಿಯೋ ಸೆಟ್ ಒಂದು ಸೂಟ್‌ಕೇಸ್‌ನೊಳಗೆ ಇರುತ್ತಿತ್ತು. ತೂಕ ಸುಮಾರು 15 ಕಿಲೋ. ಹೊರಗಿನಿಂದ ಪ್ರಯಾಣಿಕರ ಪೆಟ್ಟಿಗೆ, ತೆರೆದರೆ ವಾಲ್ವ್‌ಗಳು, ಮೋರ್ಸ್ ಕೀಲಿ, ಇಯರ್‌ಫೋನ್. ಯಾವ ತರಂಗದಲ್ಲಿ ಕಳಿಸಬೇಕು ಎನ್ನುವುದನ್ನು ಚಿಕ್ಕ ಚಿಕ್ಕ ಕ್ರಿಸ್ಟಲ್‌ಗಳು ನಿರ್ಧರಿಸುತ್ತಿದ್ದವು. ಸುಮಾರು 20 ಮೀಟರ್ ಉದ್ದದ ಏರಿಯಲ್ ತಂತಿಯನ್ನು ಕೋಣೆಯೊಳಗೋ ಮರದ ಮೇಲೋ ಹರಡಬೇಕು. ಇದನ್ನು ಅಡಗಿಸುವುದೇ ಒಂದು ಸಾಹಸ.

ನಿಜವಾದ ಅಪಾಯ ಸೆಟ್ ಆನ್ ಆದ ಮೇಲೆ. ರೇಡಿಯೋ ಅಲೆ ಲಂಡನ್ ಕಡೆಗೆ ಮಾತ್ರ ಹೋಗುವುದಿಲ್ಲ, ಎಲ್ಲ ದಿಕ್ಕಿಗೂ ಹೋಗುತ್ತದೆ. ಜರ್ಮನ್ನರೂ ಕೇಳಿಸಿಕೊಳ್ಳುತ್ತಾರೆ. ಕತ್ತಲಲ್ಲಿ ಜೀರುಂಡೆ ಎಲ್ಲಿ ಕೂಗುತ್ತಿದೆ ಅಂತ ಹುಡುಕುವಾಗ ಇಬ್ಬರು ಬೇರೆ ಬೇರೆ ಕಡೆ ನಿಂತು ಸದ್ದು ಬಂದತ್ತ ಕೈ ತೋರಿಸಿದರೆ, ಆ ಎರಡು ಕೈಗಳ ನೇರ ಎಲ್ಲಿ ಕೂಡುತ್ತದೋ ಜೀರುಂಡೆ ಅಲ್ಲೇ, ಅಲ್ವಾ? ಜರ್ಮನ್ನರು ಮಾಡಿದ್ದೂ ಅದೇ. ದೂರದ ಕೇಂದ್ರಗಳು ಮೊದಲು ಊರನ್ನು ಗುರುತಿಸುತ್ತಿದ್ದವು. ಆಮೇಲೆ ಸಾಧಾರಣ ಗಾಡಿಗಳಂತೆ ಕಾಣುವ ವ್ಯಾನುಗಳು ಬಡಾವಣೆಯನ್ನು ಗುರುತಿಸುತ್ತಿದ್ದವು. ಕೊನೆಗೆ ಕೋಟಿನೊಳಗೆ ಚಿಕ್ಕ ರಿಸೀವರ್ ಅಡಗಿಸಿಕೊಂಡ ಮನುಷ್ಯ ಬೀದಿಯಲ್ಲಿ ನಡೆದು ಮನೆಯನ್ನೇ ಗುರುತಿಸುತ್ತಿದ್ದ. ಕೆಲವು ಸಲ ಒಂದೊಂದೇ ಬೀದಿಯ ಕರೆಂಟ್ ತೆಗೆದು, ಯಾವಾಗ ಸಂದೇಶ ನಿಲ್ಲುತ್ತದೆ ಎಂದು ನೋಡುತ್ತಿದ್ದರು.

ಹಾಗಾಗಿ ಕೀಲಿಯ ಮೇಲೆ ಬೆರಳಿಟ್ಟ ಕ್ಷಣದಿಂದ ಗಡಿಯಾರ ಓಡುತ್ತದೆ. ಇಪ್ಪತ್ತು ನಿಮಿಷ ದಾಟಿದರೆ ಗಂಡಾಂತರ. ಆದರೆ ಗಾಬರಿಯಿಂದ ಬೇಗ ಬೇಗ ಕುಟ್ಟಿದರೆ ಅಕ್ಷರ ತಪ್ಪುತ್ತದೆ, ಅಕ್ಷರ ತಪ್ಪಿದರೆ ಲಂಡನ್‌ಗೆ ಸಂದೇಶ ಬಿಡಿಸಲಾಗುವುದಿಲ್ಲ, ಆಗ ಇನ್ನೊಮ್ಮೆ ಕಳಿಸಬೇಕು. ಇನ್ನೊಮ್ಮೆ ಎಂದರೆ ಇನ್ನೊಮ್ಮೆ ಪ್ರಾಣ ಒಡ್ಡಿದಂತೆ. ಈ ಪರಿಸ್ಥಿತಿಯಲ್ಲಿ ಕೈ ನಡುಗದೆ ಇರಬೇಕು. 1943ರಲ್ಲಿ ಫ್ರಾನ್ಸ್‌ನಲ್ಲಿ ರೇಡಿಯೋ ಆಪರೇಟರ್ ಸಿಕ್ಕಿಬೀಳದೆ ಉಳಿಯುವುದು ಆರು ವಾರ ಎಂಬ ಲೆಕ್ಕ ಚಾಲ್ತಿಯಲ್ಲಿತ್ತು.

ಸಂದೇಶ ಶತ್ರುವಿಗೂ ಕೇಳಿಸುತ್ತದೆ ಎಂದ ಮೇಲೆ ಅದು ಗುಪ್ತಲಿಪಿಯಲ್ಲಿರಬೇಕು. ಇದರ ಜೊತೆಗೆ ಇನ್ನೊಂದು ಏರ್ಪಾಡಿತ್ತು, ಮುಂದಿನ ದುರಂತ ಅರ್ಥವಾಗಲು ಅದು ಗೊತ್ತಿರಬೇಕು. ಅದಕ್ಕೆ ಭದ್ರತಾ ಗುರುತು ಎನ್ನೋಣ. ಪ್ರತಿ ಸಂದೇಶದಲ್ಲೂ ಗೊತ್ತುಪಡಿಸಿದ ಜಾಗದಲ್ಲಿ ಬೇಕೆಂದೇ ಒಂದು ತಪ್ಪು ಮಾಡುವುದು. ಇಂಥ ಎರಡು ಗುರುತುಗಳು ಇರುತ್ತಿದ್ದವು. ಸಿಕ್ಕಿಬಿದ್ದು ಹಿಂಸೆಗೆ ಒಳಗಾದರೆ ಒಂದನ್ನು ಬಾಯಿಬಿಡಬಹುದು, ಇನ್ನೊಂದನ್ನು ಮುಚ್ಚಿಡಬೇಕು. ಸಂದೇಶದಲ್ಲಿ ಎರಡನೆಯ ಗುರುತು ಕಾಣದಿದ್ದರೆ, ಕೀಲಿ ಈಗ ಶತ್ರುವಿನ ಕೈಯಲ್ಲಿದೆ ಎಂದು ಲಂಡನ್ ತಿಳಿಯಬೇಕು.

ಎಸ್‌ಒಇಯ ಗುಪ್ತಲಿಪಿ ವಿಭಾಗದ ಮುಖ್ಯಸ್ಥ ಲಿಯೋ ಮಾರ್ಕ್ಸ್ ನೂರ್‌ಗೆ ಪಾಠ ಹೇಳುವ ಮುಂಚೆ ಅವರ ಜಾತಕ ಕಥೆಗಳನ್ನು ಓದಿಕೊಂಡಿದ್ದರು. ಸುಳ್ಳು ಹೇಳಬಾರದು ಎಂದು ತಂದೆ ಕಲಿಸಿದ್ದನ್ನು ಮೀರಲಾಗದ ಹುಡುಗಿ, ಹಿಂಸೆಯ ಮಧ್ಯೆ ಸುಳ್ಳು ಗುರುತು ಹೇಳಿಯಾಳೇ ಎಂಬುದು ಮಾರ್ಕ್ಸ್ ಅವರ ಚಿಂತೆ. ಅವರು ಬರೆದಿಟ್ಟ ಪ್ರಕಾರ, ನೂರ್‌ಗಾಗಿಯೇ ಒಂದು ಉಪಾಯ ಮಾಡಿದರು. ಗುಪ್ತಲಿಪಿ ಕಟ್ಟುವಾಗ 18 ಅಕ್ಷರದ ಕೀಲಿಪದವನ್ನು ಯಾವತ್ತೂ ಬಳಸಬೇಡ, ಬಳಸಿದರೆ ನೀನು ಸಿಕ್ಕಿಬಿದ್ದಿದ್ದೀಯ ಎಂದು ನನಗೆ ತಿಳಿಯುತ್ತದೆ. ಇದಕ್ಕೆ ಸುಳ್ಳು ಹೇಳುವ ಅಗತ್ಯವೇ ಇಲ್ಲ.

ಉಳಿದವರು ಒಬ್ಬರೇ

1943ರ ಜೂನ್ 16ರ ರಾತ್ರಿ, ಬೆಳದಿಂಗಳಲ್ಲಿ, ಒಂದು ಚಿಕ್ಕ ಲೈಸ್ಯಾಂಡರ್ ವಿಮಾನ ನೂರ್‌ರನ್ನು ಆಂಜೆ ಊರಿನ ಹತ್ತಿರದ ಬಯಲಿಗೆ ತಂದಿಳಿಸಿತು. ಗುಪ್ತನಾಮ ಮಡಲೀನ್. ಕಾಗದಪತ್ರದಲ್ಲಿ ಅವರು ಜೀನ್ ಮರೀ ರೆನಿಯೆ, ಮಕ್ಕಳನ್ನು ನೋಡಿಕೊಳ್ಳುವ ದಾದಿ. ಪ್ಯಾರಿಸ್ ಸುತ್ತ ಹಬ್ಬಿದ್ದ 'ಪ್ರಾಸ್ಪರ್' ಎಂಬ ದೊಡ್ಡ ಜಾಲದ ಒಂದು ಕವಲಿಗೆ ಅವರು ಆಪರೇಟರ್.

ಮೊದಮೊದಲು ತಪ್ಪುಗಳಾದವು. ಗ್ರಿನ್ಯೋಂ ಕೃಷಿ ಶಾಲೆಯಲ್ಲಿ ಗುಪ್ತಲಿಪಿಯ ಕಾಗದಗಳಿದ್ದ ಚೀಲವನ್ನು ಹಜಾರದಲ್ಲೇ ಬಿಟ್ಟು ಬೈಸಿಕೊಂಡರು. ಚಹಾ ಕೊಡುವಾಗ ಇಂಗ್ಲಿಷರ ಹಾಗೆ ಬಟ್ಟಲಿಗೆ ಮೊದಲು ಹಾಲು ಸುರಿದರು. ಇಂಥ ಒಂದು ಅಭ್ಯಾಸ ಸಾಕು ಪ್ರಾಣ ಹೋಗಲು. ತರಬೇತಿ ಶಾಲೆಯ ವರದಿ ಪೂರ್ತಿ ಸುಳ್ಳಲ್ಲ ಎಂದು ಒಪ್ಪಿಕೊಳ್ಳಬೇಕು. ಆದರೆ ಆ ವರದಿಗೆ ಕಾಣದೆ ಹೋದದ್ದು ಮುಂದಿನ ದಿನಗಳಲ್ಲಿ ಹೊರಬಂತು.

ನೂರ್ ಬಂದು ಒಂದೇ ವಾರಕ್ಕೆ, ಜೂನ್ 24ರ ಹೊತ್ತಿಗೆ, ಜಾಲದ ಮುಖ್ಯಸ್ಥ ಫ್ರಾನ್ಸಿಸ್ ಸಟಿಲ್, ರೇಡಿಯೋ ಆಪರೇಟರ್ ಗಿಲ್ಬರ್ಟ್ ನಾರ್ಮನ್, ಸುದ್ದಿ ಒಯ್ಯುತ್ತಿದ್ದ ಆಂದ್ರೆ ಬೊರೆಲ್ ಮೂವರೂ ಸಿಕ್ಕಿಬಿದ್ದರು. ನಂತರದ ವಾರಗಳಲ್ಲಿ ನೂರಾರು ಜನ ಸೆರೆಯಾದರು. ಗ್ರಿನ್ಯೋಂ ಶಾಲೆಯ ಮೇಲೂ ದಾಳಿಯಾಯಿತು. ಅಲ್ಲಿನ ಪ್ರಾಧ್ಯಾಪಕ ಬಲಶೋವ್ಸ್ಕಿಯವರನ್ನು ಬುಖನ್‌ವಾಲ್ಡ್ ಶಿಬಿರಕ್ಕೆ ಒಯ್ದರು. ನೂರ್‌ರನ್ನು ಬಯಲಲ್ಲಿ ಇಳಿಸಿಕೊಂಡ ಆಂರಿ ದೆರಿಕೂರ್‌ಗೇ ಜರ್ಮನ್ ಭದ್ರತಾ ಪೊಲೀಸರ ಜೊತೆ ನಂಟಿತ್ತು.

ಲಂಡನ್ ವಾಪಸ್ ಬಾ ಎಂದಿತು. ನೂರ್ ಒಪ್ಪಲಿಲ್ಲ. ನಾನು ಬಂದರೆ ಪ್ಯಾರಿಸ್‌ನಿಂದ ಮಾತಾಡಲು ಯಾರೂ ಉಳಿಯುವುದಿಲ್ಲ, ಬದಲಿಗೆ ಒಬ್ಬರು ಬರಲಿ, ಅಲ್ಲಿಯವರೆಗೆ ಇರುತ್ತೇನೆ ಎಂದರು. ಫ್ರಾನ್ಸ್‌ನಲ್ಲಿ ಅತಿ ಮುಖ್ಯವಾದ, ಅತಿ ಅಪಾಯದ ಜಾಗವನ್ನು ಬಿಟ್ಟುಹೋಗಲು ಆಕೆ ಒಪ್ಪಲಿಲ್ಲ ಎಂದು ಮುಂದೆ ಸರ್ಕಾರವೇ ಬರೆಯಿತು. ತರಬೇತುದಾರರು ಅಸ್ಥಿರ ಎಂದದ್ದು ಇದೇ ಮನಸ್ಸನ್ನು.

ಆಮೇಲಿನ ದಿನಗಳು ಬರೀ ಓಡಾಟ. ಇಂದು ಒಂದು ಮನೆ, ನಾಳೆ ಇನ್ನೊಂದು. ಕೂದಲಿಗೆ ಬಣ್ಣ ಹಾಕಿಕೊಂಡರು. ಸುರೆನ್‌ನ ಹಳೆಯ ಗೆಳತಿಯರ ಮನೆಗಳಿಗೆ ಹೋಗಿ ಅಲ್ಲಿಂದ ಸಂದೇಶ ಕಳಿಸಿದರು. ಆ ಬೀದಿಗಳಲ್ಲಿ ಅವರನ್ನು ಚಿಕ್ಕಂದಿನಿಂದ ಬಲ್ಲವರಿದ್ದರು, ಗುರುತು ಹಿಡಿದು ಯಾರು ಬೇಕಾದರೂ ಹೇಳಿಕೊಡಬಹುದಿತ್ತು. ಬಾಗಿಲು ತೆರೆದ ಆ ಗೆಳತಿಯರಿಗೂ ಸಿಕ್ಕಿಬಿದ್ದರೆ ಶಿಬಿರವೇ ಗತಿ. ಅವರ ಧೈರ್ಯಕ್ಕೆ ಪದಕ ಬರಲಿಲ್ಲ.

ಎರಡು ಪ್ರಸಂಗಗಳನ್ನು ಅವರ ಬಗ್ಗೆ ಹೇಳುತ್ತಾರೆ. ಮೆಟ್ರೋದಲ್ಲಿ ಇಬ್ಬರು ಜರ್ಮನ್ ಸೈನಿಕರು ಸೂಟ್‌ಕೇಸ್‌ನಲ್ಲಿ ಏನಿದೆ ಎಂದು ಕೇಳಿದಾಗ, ಸಿನಿಮಾ ಯಂತ್ರ ಎಂದು ಹೇಳಿ ಮುಚ್ಚಳ ಸ್ವಲ್ಪ ತೆರೆದು ತೋರಿಸಿದರಂತೆ. ನೋಡಿ, ಬಲ್ಬ್‌ಗಳು ಕಾಣುತ್ತಿಲ್ಲವೇ ಎಂದರಂತೆ. ಇನ್ನೊಮ್ಮೆ ಏರಿಯಲ್ ತಂತಿಯನ್ನು ಮರಕ್ಕೆ ಕಟ್ಟುತ್ತಿದ್ದಾಗ ಪಕ್ಕದಲ್ಲಿದ್ದ ಜರ್ಮನ್ ಅಧಿಕಾರಿಯೇ ಬಂದು ಸಹಾಯ ಮಾಡಲೇ ಎಂದನಂತೆ. ಬಟ್ಟೆ ಒಣಹಾಕುವ ಹಗ್ಗ ಎಂದುಕೊಂಡಿರಬೇಕು. ನೂರ್ ಬೇಡ ಎನ್ನಲಿಲ್ಲ. ಸುಳ್ಳು ಹೇಳಲು ಬಾರದವಳು ಎಂದು ಗುರುಗಳು ಚಿಂತಿಸಿದ ಹುಡುಗಿ ಇವರೇ.

ಈ ನಡುವೆ ಆಯುಧ, ಹಣ ಎಲ್ಲಿ ಯಾವ ರಾತ್ರಿ ಇಳಿಸಬೇಕು, ಯಾರು ಸಿಕ್ಕಿಬಿದ್ದರು, ಯಾರು ಉಳಿದರು ಎಂಬ ಸುದ್ದಿಗಳು ಅವರ ಬೆರಳಿನಿಂದ ಲಂಡನ್‌ಗೆ ಹೋಗುತ್ತಲೇ ಇದ್ದವು. ಆರು ವಾರ ಎಂಬ ಲೆಕ್ಕ ಜುಲೈ ಕೊನೆಗೇ ಮುಗಿದಿತ್ತು. ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು.

ಆ ನೋಟ್‌ಬುಕ್

ವ್ಯಾನುಗಳಿಗೆ ಅವರು ಸಿಗಲಿಲ್ಲ. ಸಿಕ್ಕಿದ್ದು ಒಬ್ಬರು ವಿಳಾಸ ಮಾರಿದ್ದರಿಂದ. ಬೆಲೆ 1 ಲಕ್ಷ ಫ್ರಾಂಕ್ ಎಂದು ಹೇಳುತ್ತಾರೆ. ಅಕ್ಟೋಬರ್ ಮಧ್ಯದಲ್ಲಿ ಮನೆಗೆ ಬಂದಾಗ ಹಿಡಿಯಲು ಒಬ್ಬ ಒಳಗೇ ಕಾದಿದ್ದ. ನೂರ್ ಅವನ ಮಣಿಕಟ್ಟಿಗೆ ರಕ್ತ ಬರುವ ಹಾಗೆ ಕಚ್ಚಿದರು. ಅವನು ಬಂದೂಕು ತೋರಿಸಿ ದೂರ ನಿಂತು, ಫೋನ್ ಮಾಡಿ ಇನ್ನಷ್ಟು ಜನರನ್ನು ಕರೆಸಬೇಕಾಯಿತು.

ಕರೆದೊಯ್ದದ್ದು ಅವೆನ್ಯೂ ಫೋಶ್‌ನ 84ನೇ ನಂಬರಿನ ಕಟ್ಟಡಕ್ಕೆ, ಭದ್ರತಾ ಪೊಲೀಸರ ಕಚೇರಿ. ಬಂದ ದಿನವೇ ಸ್ನಾನ ಮಾಡಬೇಕು ಎಂದು ಕೇಳಿ, ಸ್ನಾನದ ಮನೆಯ ಕಿಟಕಿಯಿಂದ ಸೂರಿಗೆ ಹತ್ತಿ ತಪ್ಪಿಸಿಕೊಳ್ಳಲು ನೋಡಿದರು. ಹಿಡಿದರು. ವಾರಗಟ್ಟಲೆ ವಿಚಾರಣೆ ನಡೆಯಿತು. ಆಕೆ ನಮಗೆ ಏನನ್ನೂ ಹೇಳಲಿಲ್ಲ ಎಂದು ಆ ಕಚೇರಿಯ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧದ ನಂತರ ತಾನೇ ಒಪ್ಪಿಕೊಂಡ.

ಆದರೆ ಜರ್ಮನ್ನರ ಕೈಗೆ ರೇಡಿಯೋ ಜೊತೆಗೆ ಒಂದು ನೋಟ್‌ಬುಕ್ ಸಿಕ್ಕಿತು. ಕಳಿಸಿದ ಸಂದೇಶಗಳನ್ನೆಲ್ಲ ನೂರ್ ಅದರಲ್ಲಿ ಬರೆದಿಟ್ಟುಕೊಂಡಿದ್ದರು. ಇದು ದೊಡ್ಡ ತಪ್ಪೇ. ಹಳೆಯ ಸಂದೇಶಗಳನ್ನು ನೋಡಿ ಗುಪ್ತಲಿಪಿ, ಅವರ ಬರವಣಿಗೆಯ ರೀತಿ ಎರಡನ್ನೂ ಜರ್ಮನ್ನರು ಕಲಿತರು. ನೂರ್‌ಗೆ ಕೊಟ್ಟಿದ್ದ ಲಿಖಿತ ಆದೇಶದ ಮಾತೇ ಗೊಂದಲದ್ದಾಗಿತ್ತು, ಸಂದೇಶಗಳನ್ನು ಜೋಪಾನವಾಗಿ ಇಡಬೇಕು ಎಂದೇ ಅವರು ತಿಳಿದುಕೊಂಡಿರಬೇಕು ಎಂದು ಇತಿಹಾಸಕಾರರು ಹೇಳುತ್ತಾರೆ. ತರಬೇತಿ ಮುಗಿಯುವ ಮುಂಚೆಯೇ ಆತುರದಲ್ಲಿ ಕಳಿಸಿದವರ ಹೊಣೆಯೂ ಇದರಲ್ಲಿದೆ.

ಮುಂದೆ ನಡೆದದ್ದಕ್ಕೆ ರೇಡಿಯೋ ಆಟ ಎಂದು ಹೆಸರು. ಸೆರೆಸಿಕ್ಕವರ ಸೆಟ್‌ನಿಂದ, ಅವರ ಹೆಸರಿನಲ್ಲಿ, ಜರ್ಮನ್ನರೇ ಲಂಡನ್ ಜೊತೆ ಮಾತಾಡುವುದು. ಹಣ ಬೇಕು, ಆಯುಧ ಬೇಕು, ಜನ ಬೇಕು ಎಂದು ಕೇಳುವುದು. ಭದ್ರತಾ ಗುರುತುಗಳು ಇದ್ದದ್ದೇ ಇದನ್ನು ತಡೆಯಲು. 18 ಅಕ್ಷರದ ಕೀಲಿಪದದ ಸಂದೇಶ ಬಂತು, ತಾನು ಎಚ್ಚರಿಸಿದೆ ಎಂದು ಮಾರ್ಕ್ಸ್ ಬರೆದಿದ್ದಾರೆ. ಫ್ರೆಂಚ್ ವಿಭಾಗ ನಂಬಲಿಲ್ಲ. ಮಡಲೀನ್ ಸುರಕ್ಷಿತವಾಗಿದ್ದಾಳೆ ಎಂದುಕೊಂಡು ತಿಂಗಳುಗಟ್ಟಲೆ ಉತ್ತರಿಸುತ್ತಾ ಹೋಯಿತು. 1944ರ ಫೆಬ್ರವರಿ ಕೊನೆಯ ರಾತ್ರಿ ಫ್ರಾನ್ಸ್ ಆಂಟೆಲ್ಮ್, ಲಯೊನೆಲ್ ಲೀ, ಮಡಲೀನ್ ದಾಮೆರ್ಮಾಂ ಎಂಬ ಮೂವರು ಶಾರ್ತ್ರ್ ಹತ್ತಿರ ಪ್ಯಾರಾಶೂಟ್‌ನಲ್ಲಿ ಇಳಿದರು. ಬಯಲಲ್ಲಿ ದೀಪ ಹಿಡಿದು ಕಾದಿದ್ದವರು ಜರ್ಮನ್ನರು.

ನೋಟ್‌ಬುಕ್ಕಿನ ತಪ್ಪನ್ನೇ ದೊಡ್ಡದು ಮಾಡಿ ನೂರ್‌ರನ್ನು ಅಳೆಯುವವರಿದ್ದಾರೆ. ಸೆರೆಯಲ್ಲಿದ್ದವರಿಗೆ ಅದನ್ನು ಸರಿಪಡಿಸುವ ದಾರಿ ಇರಲಿಲ್ಲ. ಲಂಡನ್‌ನಲ್ಲಿ ಬೆಚ್ಚಗೆ ಕೂತು ಸಂದೇಶ ಓದುತ್ತಿದ್ದವರಿಗೆ ಇತ್ತು. ಜಾಸ್ತಿ ತಪ್ಪು ಯಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಸರಪಳಿ

ಸೆರೆಸಿಕ್ಕ ಮರುತಿಂಗಳು, 1943ರ ನವೆಂಬರ್ 25ರ ರಾತ್ರಿ ನೂರ್ ಇನ್ನೊಮ್ಮೆ ತಪ್ಪಿಸಿಕೊಂಡರು. ಈ ಸಲ ಜಾನ್ ಸ್ಟಾರ್ ಮತ್ತು ಲಿಯೋಂ ಫಾಯ್ ಎಂಬ ಇಬ್ಬರು ಕೈದಿಗಳ ಜೊತೆ. ಕಿಟಕಿಯ ಸರಳು ಕಳಚಿ ಸೂರಿನ ಮೇಲೆ ಹೋದರು. ಅಷ್ಟರಲ್ಲಿ ವಿಮಾನದಾಳಿಯ ಸೈರನ್ ಕೂಗಿತು. ಸೈರನ್ ಕೂಗಿದಾಗ ಕೈದಿಗಳನ್ನು ಎಣಿಸುವುದು ಅಲ್ಲಿನ ಪದ್ಧತಿ. ಸಿಕ್ಕಿಬಿದ್ದರು. ಇನ್ನು ಓಡಿಹೋಗುವುದಿಲ್ಲ ಎಂದು ಬರೆದುಕೊಡಿ ಎಂದು ಕೀಫರ್ ಕೇಳಿದ. ನೂರ್ ಸಹಿ ಹಾಕಲಿಲ್ಲ.

ಎರಡೇ ದಿನಕ್ಕೆ ಅವರನ್ನು ಜರ್ಮನಿಗೆ ಸಾಗಿಸಿದರು. ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಒಂಟಿ ಕೋಣೆ. ಕೈಗೂ ಕಾಲಿಗೂ ಸರಪಳಿ. ತಾವಾಗಿ ಊಟ ಮಾಡಲು, ಮೈ ತೊಳೆದುಕೊಳ್ಳಲು ಆಗುತ್ತಿರಲಿಲ್ಲ. ಹೀಗೆ ಸುಮಾರು ಹತ್ತು ತಿಂಗಳು. ಆದರೂ ಊಟದ ತಟ್ಟೆಯ ತಳದಲ್ಲಿ ಗೀಚಿ, ಅದೇ ಸೆರೆಮನೆಯ ಫ್ರೆಂಚ್ ಹೆಂಗಸರ ಜೊತೆ ಸುದ್ದಿ ಹಂಚಿಕೊಂಡರು. ತಮ್ಮ ಹೆಸರು ನೋರಾ ಬೇಕರ್ ಎಂದೂ, ಲಂಡನ್ ವಿಳಾಸ ಟ್ಯಾವಿಟನ್ ಸ್ಟ್ರೀಟ್ 4ನೇ ನಂಬರ್ ಎಂದೂ ಬರೆದರು. ಯುದ್ಧದ ನಂತರ ಅವರ ಜಾಡು ಸಿಗಲು ಈ ಗೀಚು ಸಹಾಯವಾಯಿತು.

ಜಾಡು ಹಿಡಿದು ಹೋದವರು ವೆರಾ ಆಟ್ಕಿನ್ಸ್, ಫ್ರೆಂಚ್ ವಿಭಾಗದ ಅಧಿಕಾರಿ. ನೂರ್ ಹೊರಟ ರಾತ್ರಿ ವಿಮಾನದವರೆಗೆ ಬಂದು ಬೀಳ್ಕೊಟ್ಟವರು. ಯುದ್ಧ ಮುಗಿದ ಮೇಲೆ ಜರ್ಮನಿಗೆ ಹೋಗಿ, ಕಾವಲುಗಾರರನ್ನೂ ಉಳಿದ ಕೈದಿಗಳನ್ನೂ ಹುಡುಕಿ, ಕಾಣೆಯಾದ ಒಬ್ಬೊಬ್ಬರಿಗೂ ಏನಾಯಿತೆಂದು ಪತ್ತೆಹಚ್ಚಿದರು. ನೂರ್ 1944ರ ಜುಲೈನಲ್ಲಿ ನಾಟ್ಸ್‌ವೈಲರ್ ಶಿಬಿರದಲ್ಲಿ ಸತ್ತರು ಎಂದು ಮೊದಲು ನಂಬಿದ್ದರು. ಅಲ್ಲಿ ಸತ್ತದ್ದು ಬೇರೊಬ್ಬರು, ಸೋನಿಯಾ ಒಲ್ಶನೆಝ್ಕಿ ಎಂಬ ಯುವತಿ. ನೂರ್‌ರನ್ನು ದಾಖಾವ್ ಶಿಬಿರಕ್ಕೆ ಒಯ್ದು 1944ರ ಸೆಪ್ಟೆಂಬರ್ 13ರಂದು ಗುಂಡಿಟ್ಟು ಕೊಂದರು ಎಂಬುದು ಆಮೇಲೆ ತಿಳಿಯಿತು. ಅವರಿಗಾಗ 30 ವರ್ಷ. ಬ್ರಿಟನ್ 1949ರಲ್ಲಿ ಶೌರ್ಯಕ್ಕೆ ಕೊಡುವ ಜಾರ್ಜ್ ಕ್ರಾಸ್ ಪದಕ ಕೊಟ್ಟಿತು. ಲಂಡನ್‌ನ ಗೋರ್ಡನ್ ಸ್ಕ್ವೇರ್‌ನಲ್ಲಿ 2012ರಿಂದ ಅವರ ಪ್ರತಿಮೆಯಿದೆ.

ದಾಖಾವ್‌ನಲ್ಲಿ ಆ ದಿನ ಅವರೊಂದಿಗೆ ಇನ್ನೂ ಮೂವರನ್ನು ಕೊಂದರು. ಯೋಲಾಂದ್ ಬೀಕ್‌ಮನ್, ಸ್ಯಾಂ ಕಾಂತೆಂ ಊರಿನಿಂದ ಸಂದೇಶ ಕಳಿಸುತ್ತಿದ್ದ ರೇಡಿಯೋ ಆಪರೇಟರ್. ಎಲಿಯಾನ್ ಪ್ಲೂಮನ್, ಮಾರ್ಸೇ ಸುತ್ತ ಸುದ್ದಿ, ಸಾಮಾನು ಹೊತ್ತು ಓಡಾಡಿದವರು. ಮೂರನೆಯವರು ಮಡಲೀನ್ ದಾಮೆರ್ಮಾಂ, ನೂರ್ ಹೆಸರಿನ ಸುಳ್ಳು ಸಂದೇಶ ನಂಬಿ ಲಂಡನ್ ಇಳಿಸಿದ್ದ ಯುವತಿ. ಫ್ರಾನ್ಸ್ ನಾಲ್ವರಿಗೂ ಯುದ್ಧಶೌರ್ಯದ ಕ್ರುವಾ ದ ಗೇರ್ ಪದಕ ಕೊಟ್ಟಿದೆ.